ಒಂದು ಹೆಸರಿನ ಅಳತೆ

ರಸ್ತೆ ಅಗಲವಾದಾಗ ಆ ಊರಿನ ರುದ್ರಭೂಮಿಯ ಮುಂಭಾಗ ಡಾಂಬರಿನ ಕೆಳಗೆ ಹೋಯಿತು. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವಾಗ ಎಡಕ್ಕೆ ಸಿಗುವ ಊರು, ಹೆಸರು ಬೇಡ. ಮನೆಯವರು ಬಂದು ಕೇಳಿದ ಸಮಾಧಿಗಳನ್ನು ಅಗೆದು ಹಿಂದಕ್ಕೆ ಸಾಗಿಸಿದರು. ಯಾರೂ ಬರದವು ಅಲ್ಲೇ ಉಳಿದವು, ಅವುಗಳ ಮೇಲೆ ಜಲ್ಲಿ ಬಿತ್ತು. ಮಿಕ್ಕ ಜಾಗಕ್ಕೆ ಹೊಸ ಕಾಂಪೌಂಡು ಕಟ್ಟಿದ ಸಮಾಜದ ಸಮಿತಿಯವರು, ರಸ್ತೆಯಡಿ ಹೋದವರ ಹೆಸರುಗಳನ್ನು, ಆಮೇಲೆ ತಿಳಿದು ಬಂದ ಮನೆಯವರಿಂದ ಪಡೆದು, ಕರಿಕಲ್ಲಿನ ಫಲಕಗಳಲ್ಲಿ ಕೆತ್ತಿಸಿ ಗೋಡೆಯ ಹೊರಮೈಗೆ ಕೂರಿಸಬೇಕೆಂದು ತೀರ್ಮಾನಿಸಿದರು. ಆ ಕೆಲಸ ಹಾಸನದಲ್ಲಿ ನಾನಿರುವ ಕೆತ್ತನೆ ವರ್ಕ್‌ಶಾಪಿಗೆ ಬಂತು. ಕಲ್ಲು ಕೆತ್ತುವವರು ಬೇರೆ. ಕಲ್ಲಿನ ಮೇಲೆ ಬರಬೇಕಾದ ಅಕ್ಷರಗಳ ಚಿತ್ರ ತಯಾರಿಸಿ ಕೊಡುವುದು ನನ್ನ ಪಾಲು.

ಆ ದಿನಗಳ ಬಗ್ಗೆ ದಿನಚರಿಯಲ್ಲಿ ಬರೆದಿದ್ದೇನೆ. ಈಗ ಓದಿದರೆ ಕೆಲವು ಪುಟಗಳು ಬೇರೊಬ್ಬಳು ಬರೆದಂತಿವೆ. ದಿನಚರಿ ಒಂದು ಹೇಳಿ ನೆನಪು ಇನ್ನೊಂದು ಹೇಳುವಲ್ಲಿ ಎರಡನ್ನೂ ಹೇಳುತ್ತೇನೆ. ಯಾವುದು ನಡೆದದ್ದು ಎಂದು ತೀರ್ಪು ಕೊಡುವ ಧೈರ್ಯ ನನಗಿಲ್ಲ.

ಸಮಿತಿಯ ಕಾರ್ಯದರ್ಶಿ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು. ಮೊದಲ ದಿನವೇ ತಮ್ಮ ಷರತ್ತು ಹೇಳಿಬಿಟ್ಟರು.

"ನೋಡಮ್ಮ, ಬದುಕಿದ್ದಾಗ ಇವ್ರೆಲ್ಲ ನಾ ಹೆಚ್ಚು ತಾ ಹೆಚ್ಚು ಅಂತ ಕಿತ್ತಾಡ್ದೋರೇ. ಇಲ್ಲಾದ್ರೂ ಒಂದೇ ಸಮ ಇರ್ಲಿ. ಎಲ್ರುಗೂ ಒಂದೇ ಅಳತೆ ಕಲ್ಲು, ಕಲ್ಲು ತುಂಬ ಹೆಸ್ರು. ಯಾರ ಕಲ್ಲಲ್ಲೂ ಖಾಲಿ ಜಾಗ ಬಿಡ್ಬ್ಯಾಡಿ. ಬಿಟ್ರೆ, ನಮ್ಮಜ್ಜಂದೇ ಯಾಕೆ ಬಣಗುಡ್ತದೆ ಅಂತ ಮನೆ ಬಾಗಿಲಿಗೆ ಬಂದ್ಬುಡ್ತಾರೆ."

ನನಗದು ನ್ಯಾಯವಾದ ಮಾತಾಗಿಯೇ ಕಂಡಿತು.

ಪ್ರತಿ ಫಲಕದಲ್ಲಿ ಮೇಲೆ ಹೆಸರು, ಕೆಳಗೆ ಸಣ್ಣದಾಗಿ ತಂದೆಯ ಅಥವಾ ಗಂಡನ ಹೆಸರು. ವರ್ಷಗಳು ಬೇಡವೆಂದರು, ಹಳೆಯ ಸಮಾಧಿಗಳ ವರ್ಷ ಯಾರಿಗೂ ಗೊತ್ತಿರಲಿಲ್ಲ. ಒಂದೊಂದನ್ನೂ ಕೈಯಿಂದ ಹೊಂದಿಸುತ್ತ ಕೂರುವ ಬದಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದೆ. ಅದರ ಕೆಲಸ ಸರಳ. ಹೆಸರನ್ನು ಓದಿಕೊಳ್ಳುವುದು, ಬಹಳ ದೊಡ್ಡ ಅಕ್ಷರದಲ್ಲಿ ಬರೆದರೆ ಎಷ್ಟು ಅಗಲ, ಎಷ್ಟು ಎತ್ತರ ಆಗುತ್ತದೆಂದು ಅಳೆಯುವುದು, ಚೌಕಟ್ಟು ಮೀರಿದರೆ ಅಕ್ಷರವನ್ನು ಒಂದು ಮೆಟ್ಟಿಲು ಚಿಕ್ಕದು ಮಾಡಿ ಮತ್ತೆ ಅಳೆಯುವುದು. ಚೌಕಟ್ಟಿನೊಳಗೆ ಕೂತ ಕೂಡಲೇ ನಿಲ್ಲುವುದು, ಚಿತ್ರ ಉಳಿಸುವುದು, ಮುಂದಿನ ಹೆಸರಿಗೆ ಹೋಗುವುದು. ಹೀಗೆ ಮಾಡಿದರೆ ಕಾರ್ಯದರ್ಶಿಗಳು ಕೇಳಿದಂತೆ ಪ್ರತಿ ಹೆಸರೂ ತನ್ನ ಕಲ್ಲನ್ನು ತುಂಬುತ್ತದೆ.

ಕಲ್ಲಿಗೆ ಹೋಗುವ ಮುನ್ನ ಎಲ್ಲ ಫಲಕಗಳನ್ನೂ ಅದೇ ಅಳತೆಯಲ್ಲಿ ಫ್ಲೆಕ್ಸ್‌ನಲ್ಲಿ ಮುದ್ರಿಸಿ, ಅದೇ ಗೋಡೆಗೆ ಅಂಟಿಸಿ, ಕೆಲವು ದಿನ ಬಿಡುವುದು ನಮ್ಮ ವರ್ಕ್‌ಶಾಪಿನ ಪದ್ಧತಿ. ಮನೆಯವರು ಬಂದು ನೋಡುತ್ತಾರೆ, ತಪ್ಪಿದ್ದರೆ ಬೈಯುತ್ತಾರೆ. ಕಲ್ಲಿನಲ್ಲಿ ತಪ್ಪಾದರೆ ಆ ಕಲ್ಲನ್ನು ಬಿಸಾಡಬೇಕು.

ಮೊದಲ ಸಲ ಅಂಟಿಸಿದಾಗ ಒತ್ತಕ್ಷರಗಳ ಬುಡವೆಲ್ಲ ಕತ್ತರಿಸಿಹೋಗಿದ್ದವು. ನಾನು ಎತ್ತರವನ್ನು ಫಾಂಟ್ ತಾನೇ ಹೇಳಿಕೊಳ್ಳುವ ಅಂಕಿಯಿಂದ ತೆಗೆದುಕೊಂಡಿದ್ದೆ. ಆ ಅಂಕಿ ಕನ್ನಡದ ಒತ್ತುಗಳು ಎಷ್ಟು ಕೆಳಗೆ ಇಳಿಯುತ್ತವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಿದ್ದಿದೆ. ಫಾಂಟಿನ ಮಾತು ಬಿಟ್ಟು, ಅಕ್ಷರವನ್ನು ನಿಜವಾಗಿ ಬರೆದು, ಮಸಿ ಬಿದ್ದ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಅಳೆಯುವಂತೆ ಮಾಡಿದೆ. ಒತ್ತುಗಳು ಉಳಿದವು. ಮತ್ತೆ ಮುದ್ರಿಸಿ ಅಂಟಿಸಿ ಬಂದರು. ನಾನು ಗೋಡೆಯನ್ನು ನೋಡಲು ಹೋಗಲಿಲ್ಲ. ಪರದೆಯ ಮೇಲೆ ಒಂದೊಂದಾಗಿ ನೋಡಿದ್ದೆ, ಒಂದೊಂದೂ ಸರಿಯಾಗಿತ್ತು.

ಆ ವಾರ ಒಬ್ಬ ಡ್ರೈವರ್ ವರ್ಕ್‌ಶಾಪಿಗೆ ಬಂದ. ನಲವತ್ತರ ಒಳಗಿನವನು. ದಂಡಿಗನಹಳ್ಳಿ, ಹಿರೀಸಾವೆ ಕಡೆಯಿಂದ ತೆಂಗಿನಕಾಯಿ ತುಂಬಿಕೊಂಡು ಅರಕಲಗೂಡಿನ ಮಂಡಿಗಳಿಗೆ ಹಾಕುವ ಟೆಂಪೋ ಅವನದು. ಬಾಗಿಲಲ್ಲೇ ನಿಂತು ಒಳಗಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ.

"ಗ್ವಾಡೆ ಮ್ಯಾಲೆ ಎಸ್ರು ಬರ್ದೋರು ಯಾರು?"

ನಾನು ಎಂದೆ.

"ಅಕ್ಕಾ, ನಾನು ಬದ್ಕಿವ್ನಿ ಕಣಕ್ಕ."

ನಮ್ಮ ಮಾಲೀಕರು ನಕ್ಕರು. "ಕಾಣ್ತಾ ಇದ್ದೀಯಲ್ಲಪ್ಪ. ಕೂತ್ಕೋ, ಟೀ ಕುಡಿ. ಸತ್ತೋರಿಗೆ ಟೀ ಕೊಡೋ ಪದ್ಧತಿ ನಮ್ಮಲ್ಲಿಲ್ಲ."

ಅವನು ನಗಲಿಲ್ಲ. "ಈಶ ಅಂತ ನನ್ನೆಸ್ರು. ಗ್ವಾಡೆ ಮ್ಯಾಲೆ ಈಶ ಅಂತ ಅದೆ. ಕೆಳೀಕೆ ನಮ್ಮಪ್ಪನ ಎಸ್ರೂ ಅದೆ. ನಮ್ಮ ಮೂಲದ ಊರು ಅದೇಯ. ಲೋಡ್ ಒಡ್ಕಂಡು ಬತ್ತಾ ಇದ್ದೆ, ತಿರುವು ದಾಟ್ದೇಟ್ಗೆ ಅದೊಂದೇ ಕಾಣ್ತು. ಬ್ಯಾರೆ ಯಾರ ಎಸ್ರೂ ಓದಕ್ಕಾಗಲ್ಲ, ನಂದೊಂದು ಮಾತ್ರ ಅರ್ಧ ಮೈಲಿಯಿಂದ್ಲೇ ಕರೀತದೆ."

ಪರದೆಯ ಮೇಲೆ ಎಲ್ಲ ಫಲಕಗಳನ್ನೂ ಒಟ್ಟಿಗೆ ಹರಡಿ ನೋಡಿದಾಗಲೇ ನನಗೆ ತಿಳಿದದ್ದು. ಉದ್ದದ ಹೆಸರುಗಳು ಅಗಲಕ್ಕೆ ಸಿಕ್ಕಿ ಕುಗ್ಗಿದ್ದವು. ಒತ್ತಿರುವ ಹೆಸರುಗಳು ಎತ್ತರಕ್ಕೆ ಸಿಕ್ಕಿ ಕುಗ್ಗಿದ್ದವು. ಈಶ ಎಂಬುದರಲ್ಲಿ ಎರಡೇ ಅಕ್ಷರ, ಕೆಳಗೆ ಇಳಿಯುವುದು ಏನೂ ಇಲ್ಲ. ಒತ್ತುಗಳನ್ನು ಉಳಿಸಲೆಂದು ನಾನು ಮಾಡಿದ ತಿದ್ದುಪಡಿ ಈ ಹೆಸರಿಗೆ ಎಲ್ಲರಿಗಿಂತ ಹೆಚ್ಚು ಜಾಗ ಬಿಟ್ಟುಕೊಟ್ಟಿತ್ತು. ಅದು ತನ್ನ ಚೌಕಟ್ಟಿನ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಉಬ್ಬಿ ನಿಂತಿತ್ತು. ಸುತ್ತಲಿನವರೆಲ್ಲ ಪಿಸುಗುಡುತ್ತಿರುವಾಗ ಒಬ್ಬನೇ ಕೂಗಿದಂತಿತ್ತು.

ಅವನೆದುರೇ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಹೆಸರು ಕೊಟ್ಟವರು ಯಾರು?

"ಒಬ್ರು ಅಜ್ಜಿ ಬಸ್ಸಲ್ಲಿ ಬಂದು ಕೊಟ್ಟೋದ್ರು. ಕೂಸು ಕಣಮ್ಮ, ಹಳೇದು. ಅವ್ರ ಚೊಚ್ಚಲು."

ಡ್ರೈವರ್ ಮುಖ ನೋಡಿದೆ. ಅವನಿಗೂ ಕೇಳಿಸಿತ್ತು. ತನಗೊಬ್ಬ ಅಣ್ಣನಿದ್ದನೆಂದು ಅವನು ಅಂದು ಮೊದಲ ಸಲ ಕೇಳಿದ. ಆ ಅಣ್ಣನಿಗೂ ತನ್ನದೇ ಹೆಸರು ಎನ್ನುವುದನ್ನೂ.

"ತೆಗ್ಸಿ ಅದ," ಎಂದ.

"ಕೊಟ್ಟೋರು ಬಂದು ಹೇಳ್ದೆ ತೆಗ್ಯಕ್ಕಾಗಲ್ಲ," ಎಂದರು ಕಾರ್ಯದರ್ಶಿ ಫೋನಿನಲ್ಲೇ.

"ಅಂಗಾರೆ ಚಿಕ್ಕದಾರ ಮಾಡಕ್ಕ. ಕಲ್ಲಲ್ಲಿ ಆಮೇಲೆ ಅಳ್ಸಕ್ಕಾಯ್ತದಾ? ನಾನು ದಿನಾ ಓಡಾಡೋ ರಸ್ತೆ."

ಮಾಡುತ್ತೇನೆ ಎಂದೆ. ಅದು ಕಷ್ಟದ ಕೆಲಸವಾಗಿರಲಿಲ್ಲ. ಎಷ್ಟೇ ಜಾಗವಿರಲಿ, ಅಕ್ಷರ ಇಷ್ಟಕ್ಕಿಂತ ದೊಡ್ಡದಾಗಬಾರದು ಎಂದು ಒಂದು ಮಿತಿ ಹಾಕಿದೆ. ಬಹಳ ಉದ್ದದ ಹೆಸರುಗಳನ್ನು ಎರಡು ಸಾಲಿಗೆ ಒಡೆದೆ. ಕಲ್ಲು ತುಂಬದಿದ್ದರೂ ಪರವಾಗಿಲ್ಲ, ಅಕ್ಷರಗಳೇ ಒಂದೇ ಸಮ ಇರಲಿ ಎಂದು ಕಾರ್ಯದರ್ಶಿಗಳನ್ನು ಒಪ್ಪಿಸಿದೆ. ಸ್ಕ್ರಿಪ್ಟ್ ಓಡಿತು. ಯಾವ ದೋಷವನ್ನೂ ತೋರಿಸಲಿಲ್ಲ. ಅಲ್ಲಲ್ಲಿ ಕೆಲವನ್ನು ತೆರೆದು ನೋಡಿ ಮುದ್ರಣಕ್ಕೆ ಕಳಿಸಿದೆ.

ಅಂಟಿಸಿದ ಮರುದಿನ ಡ್ರೈವರ್ ಫೋನ್ ಮಾಡಿದ. ಹಿಂದೆ ಲಾರಿಗಳ ಸದ್ದು.

"ಅಕ್ಕಾ, ಏನ್ ತಮಾಸೆ ಮಾಡ್ತಾ ಇದ್ದೀರ? ಎಲ್ರುದೂ ಸಣ್ಣಗಾದ್ವು. ನಂದು ಅಂಗೇ ಅದೆ."

ಫೋಟೋ ಕಳಿಸಿದ. ನಿಜ. ಉಳಿದ ಹೆಸರುಗಳೆಲ್ಲ ಒಂದೇ ಅಳತೆಗೆ ಬಂದಿದ್ದವು. ನಡುವೆ ಈಶ ಮಾತ್ರ ಮೊದಲಿನಂತೆ, ಅಥವಾ ಅಕ್ಕಪಕ್ಕದವು ಕುಗ್ಗಿದ್ದರಿಂದ ಮೊದಲಿಗಿಂತ ದೊಡ್ಡದಾಗಿ ನಿಂತಿತ್ತು.

ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಸಾಮಾನ್ಯ ನಿಯಮಕ್ಕೆ ಒಗ್ಗದ ಹೆಸರೇನಾದರೂ ಬಂದರೆ ಅಳತೆಯನ್ನು ಕೈಯಾರೆ ಕೊಡಲೆಂದು ನಾನು ಒಂದು ವಿನಾಯಿತಿ ಫೈಲ್ ಇಟ್ಟಿದ್ದೆ. ಅದು ಖಾಲಿ ಇರಬೇಕಿತ್ತು. ಅದರಲ್ಲಿ ಒಂದು ಸಾಲು ಇತ್ತು. ಈಶ, ಮುಂದೆ ಹಳೆಯ ದೊಡ್ಡ ಅಳತೆಯ ಅಂಕಿ. ನಾನು ಹಾಕಿದ ಮಿತಿಯನ್ನು ದಾಟಿ ಹೋಗಲು ಆ ಒಂದು ಸಾಲು ಸಾಕು.

ಆ ಕಂಪ್ಯೂಟರನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಆದ್ದರಿಂದ ನಾನೇ ಬರೆದಿರಬೇಕು. ಡ್ರೈವರ್ ಎದುರಿಗೆ ಕೂತಿದ್ದಾಗ, ಹಳೆಯ ಅಳತೆ ಎಷ್ಟಿತ್ತೆಂದು ಅವನಿಗೆ ತೋರಿಸಲು ಬರೆದು ಅಳಿಸುವುದನ್ನು ಮರೆತಿರಬಹುದು. ಇದು ಒಪ್ಪುವಂಥ ವಿವರಣೆ, ಮಾಲೀಕರಿಗೂ ಇದನ್ನೇ ಹೇಳಿದೆ. ಆದರೆ ಬರೆದ ನೆನಪು ನನಗಿಲ್ಲ. ಅವತ್ತಿನ ದಿನಚರಿಯಲ್ಲಿ ಟೀ ತಣ್ಣಗಾಯಿತು ಎಂಬುದೂ ಇದೆ; ಇದು ಇಲ್ಲ.

ಆ ಸಾಲನ್ನು ಅಳಿಸಿದೆ. ಮತ್ತೆ ಓಡಿಸಿದೆ. ಈ ಸಲ ಈಶನ ಚಿತ್ರವನ್ನು ಪಕ್ಕದ ಚಿತ್ರಗಳ ಮೇಲೆ ಇಟ್ಟು ಪಿಕ್ಸೆಲ್ ಪಿಕ್ಸೆಲ್ ಹೋಲಿಸಿದೆ. ಅಕ್ಷರಗಳು ಒಂದೇ ಅಳತೆ. ಫ್ಲೆಕ್ಸ್ ಬದಲಾಯಿಸುವ ದಿನ ನಾನೇ ಹೋದೆ. ಡ್ರೈವರ್ ಕೂಡ ಬರುತ್ತೇನೆಂದಿದ್ದ. ಅಷ್ಟರಲ್ಲಿ ಅವನು ಆ ರಸ್ತೆ ಬಿಟ್ಟು ಹಾಸನ ಸುತ್ತಿ ಅರಕಲಗೂಡಿಗೆ ಹೋಗುತ್ತಿದ್ದ. ಮಂಡಿಯವರು ತಡವಾಯಿತೆಂದು ಗೊಣಗತೊಡಗಿದ್ದರು. ಮುಖ ಇಳಿದಿತ್ತು.

ಮಧ್ಯಾಹ್ನದ ಬಿಸಿಲು. ತಿರುವಿನಲ್ಲಿ ಟೆಂಪೋ ನಿಲ್ಲಿಸಿ ಇಬ್ಬರೂ ಇಳಿದೆವು. ಗೋಡೆ ದೂರದಲ್ಲಿತ್ತು.

"ನೋಡಿ ಏಳಕ್ಕ ಈಗ," ಎಂದ. "ಯಾವ್ದು ಕಾಣ್ತದೆ?"

ಇಲ್ಲಿ ನನ್ನ ಮಾತನ್ನು ಪೂರ್ತಿ ನಂಬಬೇಡಿ. ದಿನಚರಿಯಲ್ಲಿ "ಯಾವುದೂ ಸ್ಪಷ್ಟವಾಗಿ ಕಾಣಲಿಲ್ಲ" ಎಂದಿದೆ. ನೆನಪಿನಲ್ಲಿ ಮಾತ್ರ ಆ ಒಂದು ಹೆಸರು ಓದಲು ಬಂತು. ಉಳಿದವು ಕಪ್ಪು ಗೆರೆಗಳು, ಅದೊಂದು ಹೆಸರು. ಹತ್ತಿರ ಹೋಗಿ ಟೇಪು ಹಿಡಿದು ಅಳೆದೆವು. ಪಕ್ಕದ ಹೆಸರಿನ ಅಕ್ಷರ ಎಷ್ಟೋ ಇದೂ ಅಷ್ಟೇ. ಎರಡೇ ಅಕ್ಷರವಾದ್ದರಿಂದ ಸುತ್ತ ಬಿಳಿ ಹೆಚ್ಚು ಉಳಿದು ಕಣ್ಣಿಗೆ ಎದ್ದು ಕಾಣುತ್ತದೆ ಎಂದು ಅವನಿಗೆ ವಿವರಿಸಿದೆ. ಅವನು ಟೇಪನ್ನೇ ನೋಡುತ್ತಿದ್ದ.

"ಅಳ್ತೆ ಸರಿ ಅದೆ ಕಣಕ್ಕ. ಆದ್ರೆ ಇದು ನನ್ನ ನೋಡ್ತಾ ಅದೆ."

ಆಮೇಲೆ, "ನಮ್ಮವ್ವನ ಕೇಳ್ಬೇಕು. ನಾನೊಬ್ನೇ ಕೇಳಕ್ಕಾಗ್ತಿಲ್ಲ. ನೀವೂ ಬನ್ನಿ," ಎಂದ.

ಅವನ ಮನೆ ದಂಡಿಗನಹಳ್ಳಿಯ ಆಚೆ, ತಾಯಿಯ ತವರೂರಿನಲ್ಲಿ. ಗಂಡ ಹೋದ ಮೇಲೆ ಕಂಕುಳಲ್ಲಿದ್ದ ಇವನೊಂದಿಗೆ ಅವರು ಇಲ್ಲಿಗೆ ಬಂದವರು. ನಾವು ಹೋದಾಗ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಮಗ ನನ್ನನ್ನು ಕರೆತಂದದ್ದು ಯಾಕೆಂದು ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು ಅನ್ನಿಸುತ್ತದೆ. ಕೈ ಮಾತ್ರ ನಿಲ್ಲಲಿಲ್ಲ.

"ಮೊದ್ಲುನೋನು ಅವ್ನು ಕಣವ್ವ," ಎಂದರು ನನಗೆ. "ಅಲ್ಲು ಮೂಡಾ ಮುಂಚೆ ಓದ. ನಾನು ಅತ್ತೂ ಅತ್ತೂ ಊಟ ಬುಟ್ಟಿದ್ದೆ. ಹಿರೀಕ್ರು ಏಳುದ್ರು, ಅಳ್ಬ್ಯಾಡ, ಅವ್ನೇ ತಿರುಗಾ ನಿನ್ನೊಟ್ಟೆಗೆ ಬತ್ತಾನೆ, ಅದೇ ಎಸ್ರಿಕ್ಕು ಅಂತ. ಇವ್ನು ಉಟ್ದ. ಅದೇ ಎಸ್ರಿಕ್ದೆ. ಓದೋನ್ ವಿಚಾರ ಇವ್ನ ಮುಂದೆ ಎತ್ತಬ್ಯಾಡಿ ಅಂದ್ರು. ಎತ್ನಿಲ್ಲ."

ಮಗ ಕಂಬ ಹಿಡಿದು ನಿಂತಿದ್ದ. "ಅವ್ನೇ ನಾನಾಗಿ ಬಂದಿದ್ರೆ, ಗ್ವಾಡೆ ಮ್ಯಾಲೆ ಯಾರವ್ವ ಅವ್ರೆ?"

ಅವರು ಹುಣಸೆಬೀಜವನ್ನು ಬಟ್ಟಲಿಗೆ ಹಾಕಿದರು.

"ಬಂದವ್ನೆ ಅಂತ್ಲೇ ಇದ್ದೆ ಕಣ್ಲಾ. ನೀನು ದೊಡ್ಡೋನಾಗ್ತಾ ಆಗ್ತಾ ನೋಡ್ದೆ. ಅವ್ನು ಮಲ್ಗಿದ್ರೆ ಎಡಗೈ ಮುಷ್ಟಿ ಬಾಯಿತಾವ ಇಟ್ಕತಿದ್ದ. ನೀನು ಒಂದಿನಾನೂ ಇಟ್ಕಳ್ನಿಲ್ಲ. ಅವ್ನ ಮೊಕ ಬ್ಯಾರೆ, ನಿನ್ ಮೊಕ ಬ್ಯಾರೆ. ಅವ್ನು ಬರ್ನಿಲ್ಲ. ನೀನು ಬ್ಯಾರೆಯೋನು."

ಹಿಂದಿನ ಕೊಟ್ಟಿಗೆಯಲ್ಲಿ ಎಮ್ಮೆ ಕಾಲು ಬದಲಿಸಿದ ಸದ್ದು ಕೇಳಿಸಿತು.

"ಇಷ್ಟು ವರ್ಸ ಅವ್ನೆಸ್ರ ನಿಂಗಿಕ್ಕಿ ಕರ್ದೆ," ಎಂದರು. "ಕರ್ದಾಗೆಲ್ಲ ನೀನು ಬತ್ತಿದ್ದೆ. ಅವ್ನಿಗೆ ಎಂಗಾಗಿರ್ಬೇಕು? ಈಗ ರಸ್ತೆನೂ ಬಂತು. ದಿನಾ ಅವ್ನ ಮ್ಯಾಲೇ ಲೋಡ್ ಒಡ್ಕಂಡು ಓಯ್ತೀಯ. ಅವ್ನಿಗೊಂದು ಕಲ್ಲಾರ ಬ್ಯಾಡ್ವೇನ್ಲಾ?"

ಡ್ರೈವರ್ ಜಗುಲಿಯ ಅಂಚಿಗೆ ಬಂದು ಕೂತ. ಕಲ್ಲಿನ ಮೇಲೆ "ಕೂಸು" ಎಂಬ ಮಾತು ಸೇರಿಸಿದರೆ ಆಗುವುದೇ ಎಂದು ನಾನು ಕೇಳಿದೆ. ಹಾಗಾದರೆ ಇಬ್ಬರೂ ಬೇರೆ ಎಂದು ತಿಳಿಯುತ್ತದಲ್ಲ.

"ಬ್ಯಾಡಕ್ಕ," ಎಂದ ಅವನು. "ಈಗ್ಲೂ ಜರ ಬಂದ್ರೆ ನಮ್ಮವ್ವ ನನ್ನ ಕೂಸೇ ಅಂತ್ಲೇ ಕರ್ಯೋದು."

ತಾಯಿಗೆ ಕೊಂಚ ನಗು ಬಂತು. ಅದು ಹೋದ ಮೇಲೆ ನನ್ನ ಕಡೆ ತಿರುಗಿದರು. ಅವರು ಗೋಡೆಯನ್ನು ನೋಡಿ ಬಂದಿದ್ದರು, ಮೊದಲ ದೊಡ್ಡ ಅಕ್ಷರ ಇದ್ದಾಗಲೇ.

"ಅವ್ವಾ, ಅವ್ನ ಎಸ್ರ ಅಷ್ಟ್ ದೊಡ್ಡದಾಗಿ ಯಾಕ್ ಬರ್ದೆ? ಬೆಳ್ದ ಗಂಡ್ಸಿನ್ ಎಸ್ರಂಗೆ? ಅವ್ನು ಇಷ್ಟಿದ್ದ." ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದರು. "ಎಲ್ರಂಗೂ ಬ್ಯಾಡ. ಅವ್ನಷ್ಟೇ ಬರಿ. ನೋಡ್ಬೇಕು ಅನ್ನೋರು ಬಗ್ಗಿ ನೋಡ್ಲಿ. ದೊಡ್ಡದು ಇವ್ನಿಗಿರ್ಲಿ, ಇವ್ನು ಬದ್ಕೋನು."

ಅದಾದ ಮೇಲೆ ಮಗ ತೆಗೆಸು ಎನ್ನಲಿಲ್ಲ. "ರಸ್ತೆಗೆ ಕಾಣ್ದಿದ್ರೆ ಸಾಕು," ಎಂದಷ್ಟೇ ಹೇಳಿದ.

ಕಾರ್ಯದರ್ಶಿಗಳು ಒಪ್ಪಲಿಲ್ಲ. "ಎಲ್ಲಾ ಒಂದೇ ಸಮ ಅಂತ ತಾನೇ ನಾವು ಶುರು ಮಾಡಿದ್ದು? ಒಬ್ರುದು ಬದಲಾಯ್ಸಿದ್ರೆ ನಾಳೆ ಇನ್ನೊಬ್ರು ಬತ್ತಾರೆ."

ಸಮ ಎಂಬ ಮಾತನ್ನು ನಾನು ಆ ಕೆಲಸದುದ್ದಕ್ಕೂ ಎರಡು ಬಗೆಯಲ್ಲಿ ಮಾಡಿ ನೋಡಿದ್ದೆ. ಚೌಕಟ್ಟು ಸಮ ಮಾಡಿದಾಗ ಅಕ್ಷರ ಏರುಪೇರಾಯಿತು. ಅಕ್ಷರ ಸಮ ಮಾಡಿದಾಗ ಒಂದು ಕೂಸೂ ಪಕ್ಕದ ಕಲ್ಲಿನ ಮುದುಕರೂ ಒಂದೇ ದನಿಯಲ್ಲಿ ಮಾತಾಡಿದರು. ಎರಡೂ ನಿಯಮಗಳು ನನಗೆ ಸುಲಭವಾಗಿದ್ದವು. ಹೆಸರುಗಳನ್ನು ಒಬ್ಬೊಬ್ಬರದಾಗಿ ನೋಡುವ ತೊಂದರೆ ತಪ್ಪಿಸಿದ್ದವು. ಕಾರ್ಯದರ್ಶಿಗಳಿಗೆ ಇಷ್ಟೆಲ್ಲ ಹೇಳಲಿಲ್ಲ. ಆ ಒಂದು ಫಲಕವನ್ನು ತಾಯಿ ಕೇಳಿದಂತೆ ಮಾಡುತ್ತೇನೆ, ಬೇಡವಾದರೆ ಇಡೀ ಕೆಲಸವನ್ನು ಬೇರೆಯವರಿಗೆ ಕೊಡಿ ಎಂದೆ.

ಕೊನೆಗೆ ಅವರು, "ಚಿಕ್ಕದು ಮಾಡಿ ಅಂತ ಕೇಳ್ಕಂಡು ಯಾರೂ ಬರಲ್ಲ ಬುಡಿ. ಅದೊಂದು ಸಮಾಧಾನ," ಎಂದರು.

ವಿನಾಯಿತಿ ಫೈಲಿನಲ್ಲಿ ಮತ್ತೆ ಆ ಹೆಸರು ಬರೆದೆ. ಈ ಸಲ ಬರೆಯುತ್ತಿದ್ದೇನೆ ಎಂದು ದಿನಚರಿಯಲ್ಲೂ ಬರೆದೆ. ಎಷ್ಟು ಚಿಕ್ಕದು ಮಾಡಬಹುದೆಂಬುದು ಕಲ್ಲಿನ ಮೇಲಿತ್ತು. ಅಕ್ಷರದ ಆಕಾರ ಕತ್ತರಿಸಿದ ಸ್ಟಿಕ್ಕರ್ ಅಂಟಿಸಿ, ಅದರ ಮೇಲೆ ಜೋರಾಗಿ ಮರಳು ಹೊಡೆದು ನಮ್ಮಲ್ಲಿ ಕೆತ್ತುತ್ತಾರೆ. ಅಕ್ಷರ ತೀರ ಸಣ್ಣದಾದರೆ ಸ್ಟಿಕ್ಕರಿನ ಎಳೆಗಳು ಕಿತ್ತು ಹಾರಿ, "ಈ" ಎಂಬ ಅಕ್ಷರ ಬರೀ ಒಂದು ಗುಳಿಯಾಗುತ್ತದೆ. ಒಡೆದ ಕಲ್ಲಿನ ತುಂಡುಗಳ ಮೇಲೆ ಒಂದೊಂದೇ ಅಳತೆ ಇಳಿಸುತ್ತ ಹೊಡೆಸಿದೆ. ಮಾಲೀಕರು ಕನ್ನಡಕ ಏರಿಸಿ, "ಮೇಡಂ, ದೊಡ್ಡದು ಮಾಡಿ ಅಂತ ಜಗಳಕ್ಕೆ ಬಂದೋರ್ನ ನೋಡಿವ್ನಿ. ಇದೇನಿದು, ಕಾಣದಂಗೆ ಕೆತ್ತಕ್ಕೆ ಇಷ್ಟು ಕಷ್ಟ!" ಎಂದರು. ಆದರೂ ಆ ಕಲ್ಲಿಗೆ ಮಾತ್ರ ಮರಳಿನ ಒತ್ತಡ ಇಳಿಸಿ ತಾವೇ ನಿಂತು ಹೊಡೆದರು. ಅಕ್ಷರ ನಿಂತಿತು. ಕಿರುಬೆರಳ ಉಗುರಿನಷ್ಟು, ಕೆಳಗೆ ತಂದೆಯ ಹೆಸರೂ ಅಷ್ಟೇ. ಸುತ್ತ ಹೊಳೆಯುವ ಕಪ್ಪು.

ಫಲಕಗಳನ್ನು ಕೂರಿಸಿದ ದಿನ ತಾಯಿ, ಮಗ ಇಬ್ಬರೂ ಟೆಂಪೋದಲ್ಲಿ ಬಂದರು. ಅವನು ತಿರುವಿನಲ್ಲೇ ನಿಲ್ಲಿಸಿ ಬಹಳ ಹೊತ್ತು ನೋಡಿದನಂತೆ. ಹತ್ತಿರ ಬಂದಾಗ ಮುಖ ಸಡಿಲವಾಗಿತ್ತು.

"ಅಲ್ಲಿಂದ ಏನೂ ಇಲ್ಲ ಕಣಕ್ಕ. ಒಂದು ಖಾಲಿ ಕಲ್ಲಷ್ಟೆ," ಎಂದು ನಕ್ಕ. ನಾಳೆಯಿಂದ ಇದೇ ದಾರಿ ಎಂದ.

ತಾಯಿ ಗೋಡೆಯ ಬಳಿ ಹೋದರು. ಸೆರಗಿನ ತುದಿಯಿಂದ ಕಲ್ಲು ಒರೆಸಿದರು. ಬಗ್ಗಿ, ಹಣೆ ತಾಗುವಷ್ಟು ಹತ್ತಿರ ಹೋಗಿ ನೋಡಿದರು. ನಾವಿಬ್ಬರೂ ರಸ್ತೆಯ ಎದುರು ಅಂಚಿನಲ್ಲಿ ಟೆಂಪೋ ಪಕ್ಕ ನಿಂತಿದ್ದೆವು. ಕೆಲಸದವರು ಸಿಮೆಂಟಿನ ಬಾಂಡಲಿ ತೊಳೆಯುತ್ತಿದ್ದರು.

"ಈಶಾ," ಎಂದು ಅವರು ಕರೆದರು.

ಗಟ್ಟಿಯಾಗಿ ಅಲ್ಲ. ಆಗ ಅವರ ಮುಖ ಕಲ್ಲಿನ ಕಡೆಗಿತ್ತೋ ನಮ್ಮ ಕಡೆಗಿತ್ತೋ, ಎಷ್ಟು ಯೋಚಿಸಿದರೂ ನನಗೆ ಹೇಳಲಾಗುತ್ತಿಲ್ಲ. ದಿನಚರಿಯಲ್ಲಿ ಬರೆದಿಲ್ಲ. ಡ್ರೈವರ್ ಬಾಯಿ ತೆರೆದವನು ಹಾಗೇ ನಿಂತ. ಗೋಡೆಯ ಕಡೆ ನೋಡಿದ. ತನಗಿಂತ ಮೊದಲು ಓಗೊಡಬೇಕಾದವರಿಗೆ ಜಾಗ ಬಿಟ್ಟವನಂತೆ ಒಂದು ಗಳಿಗೆ ಕಾದ. ನಾನೂ ಕಾದೆ.

ಆಮೇಲೆ, "ಬಂದೆ ಕಣವ್ವ," ಎಂದು ಹೇಳಿ ರಸ್ತೆ ದಾಟಿದ.